ಅಟ್ಟೆ ಕಟ್ಟುವ ಅತ್ತೆಗೆ, ಕೀಬೋರ್ಡಿನ ಸದ್ದಿನ ಕುರಿತು

ಹಾಲ್‌ನಲ್ಲಿ ಕುಳಿತಿರುವ ಪೂಜ್ಯ ಅತ್ತೆಯವರಿಗೆ, ರೂಮಿನೊಳಗಿನಿಂದ ಅಳಿಯನ ನಮಸ್ಕಾರ.

ನಮ್ಮ ನಡುವೆ ಇರುವುದು ಒಂದು ಬಾಗಿಲು. ಆದರೂ ಪತ್ರ ಬರೆಯುತ್ತಿದ್ದೇನೆ. ತುಳುವಿನಲ್ಲಿ ಹೇಳಿ ಸೋತೆ. ಅಚ್ಚ ಕನ್ನಡದಲ್ಲಿ ಬರೆದರೆ ಸರಕಾರಿ ನೋಟಿಸಿನಷ್ಟಾದರೂ ಬೆಲೆ ಬಂದೀತು. ನನ್ನ ಕೆಲಸ ಹೋಗಿಲ್ಲ. ಹೋದದ್ದು ಕೀಬೋರ್ಡಿನ ಸದ್ದು ಮಾತ್ರ.

ಮೊಣಕಾಲಿನ ಆಪರೇಷನ್ ಆಗಿ ನೀವು ಶಂಕರಪುರದಿಂದ ಮಣಿಪಾಲದ ಈ ಮೂರನೇ ಮಾಳಿಗೆಗೆ ಬಂದಿರಿ. ಮೊದಲ ಮಧ್ಯಾಹ್ನವೇ ನಿದ್ದೆಗೆಟ್ಟು, "ಒಳಗೆ ಎಂತ ಮಾರಾಯ, ಕಾರ್ಕಳದ ಜಲ್ಲಿ ಕ್ರಷರ್ ಉಂಟಾ?" ಎಂದಿರಿ. ನಾಚಿಕೆಯಾಗಿ ಅಂದೇ ಶಬ್ದಶಾಸ್ತ್ರದ ಅಧ್ಯಯನ ಕೈಗೊಂಡೆ. ಕೀಲಿಯ ಕೆಳಗಿನ ಸ್ವಿಚ್ಚು ನೀಲಿಯಾದರೆ ಟಕ್ಕೆನ್ನುತ್ತದಂತೆ. ಕಿತ್ತು ಮೂಕ ಸ್ವಿಚ್ಚು ಹಾಕಿದೆ. ಪೊಳ್ಳು ಪೆಟ್ಟಿಗೆ ಚೆಂಡೆಯ ಹಾಗಂತೆ. ಒಳಗೆ ಸ್ಪಂಜು ತುಂಬಿದೆ. ಮೇಜೂ ದನಿಗೂಡಿಸುತ್ತದೆಂದು ಕೀಬೋರ್ಡಿನ ಕೆಳಗೆ ನಿಮ್ಮ ಮಗಳು ನಿಖಿತಾಳ ಯೋಗದ ಚಾಪೆ ಹಾಸಿದೆ, ಬೋಳು ಗೋಡೆಗೆ ಕಂಬಳಿ ಹೊದೆಸಿದೆ. ಉಳಿದದ್ದು ನನ್ನ ಬೆರಳು, ತಳ ಮುಟ್ಟುವಂತೆ ಕುಟ್ಟುವ ಚಟ. ಅದನ್ನೂ ಬಿಟ್ಟೆ.

ಮನೆ ಬಸದಿಯಷ್ಟು ಶಾಂತವಾಯಿತು. ನಾನು ಸಿಕ್ಕಿಬಿದ್ದೆ.

ಮನೆಯಲ್ಲಿ ಕುಳಿತು ನಗೆಬರಹ ಬರೆಯುವುದೂ ಉದ್ಯೋಗವೇ ಎಂಬುದಕ್ಕೆ ನಿಮಗಿದ್ದ ಸಾಕ್ಷಿ ಆ ಸದ್ದೊಂದೇ. "ಕೆಲಸ ಉಂಟು ಅತ್ತೆ" ಎಂದರೆ, "ಇರ್ಲಿ, ನಾಚಿಕೆ ಎಂತಕ್ಕೆ? ಇವತ್ತು ಹೋದದ್ದು ನಾಳೆ ಸಿಗ್ತದೆ" ಎಂದು ತಟ್ಟೆಗೆ ಇನ್ನೊಂದು ನೀರುದೋಸೆ ಹಾಕುತ್ತೀರಿ. ನಿಖಿತಾ ಹೇಳಿದರೆ, "ನೀನು ಗಂಡನ ಪರ" ಎನ್ನುತ್ತೀರಿ. ಕಾಪುವಿನಿಂದ ನಿಮ್ಮ ತಮ್ಮನ ಮಗ ಜಿತೇಶನ ಫೋನು: "ಭಾವ, ದುಬೈ ಸೂಪರ್‌ಮಾರ್ಕೆಟಿನಲ್ಲಿ ಬಿಲ್ಲಿಂಗಿಗೆ ಜನ ಬೇಕಂತೆ. ನಿಮಗೆ ಟೈಪಿಂಗ್ ಬರ್ತದೆ, ಅಲ್ವಾ?" ಬಾಗಿಲು ತೆರೆದರೆ ಅನುಕಂಪ, ಮುಚ್ಚಿದರೆ ಅನುಮಾನ.

ಇದನ್ನೂ ಅಂಕಣಕ್ಕೆ ಹಾಕಿ ನಗುತ್ತಿದ್ದೆ. ಆದರೆ ಇಂದು ಬೆಳಿಗ್ಗೆ, ಕೀಬೋರ್ಡು ಮೂಕವಾಗಿದ್ದುದರಿಂದಲೇ, ಬಾಗಿಲಾಚೆಯ ಸದ್ದು ಕೇಳಿಸಿತು: ಒದ್ದೆ ಬಾಳೆನಾರನ್ನು ಸರ್ರೆಂದು ಎಳೆಯುವುದು, ನಡುವೆ ಸಣ್ಣದೊಂದು "ಅಮ್ಮಾ". ಬಾತುಕೊಂಡ ನಿಮ್ಮ ಬೆರಳುಗಳಿಂದ ಇನ್ನು ಮಲ್ಲಿಗೆ ಕಟ್ಟಬಾರದೆಂದು ಡಾಕ್ಟರು ಹೇಳಿದ್ದು ನನ್ನೆದುರಿಗೇ. ಸಂದಿಯಲ್ಲಿ ಇಣುಕಿದೆ. ಊರಿನಲ್ಲಿ ಮಲ್ಲಿಗೆ ಬೆಳೆಯುವ ಗ್ಲ್ಯಾಡಿಸ್ ಬಾಯಿಯವರಿಂದ ಮೊಗ್ಗು ತರಿಸಿಕೊಂಡು ಚೆಂಡಿನ ಮೇಲೆ ಚೆಂಡು ಕಟ್ಟಿ, ನಾಲ್ಕು ಚೆಂಡಿಗೊಂದರಂತೆ ಮಾರಾಟದ ಅಟ್ಟೆ ಮಾಡುತ್ತಿದ್ದಿರಿ. ಫೋನಿನಲ್ಲಿ ಆಕೆಗೆ ಪಿಸುಗುಟ್ಟಿದಿರಿ: "ಅಳಿಯನಿಗೆ ಗೊತ್ತಾಗ್ಬಾರ್ದು ಬಾಯಿ. ಅವನಿಗೆ ಕೆಲಸ ಸಿಗುವವರೆಗೆ ಮಾತ್ರ."

ಅತ್ತೆಗೂ ಅಟ್ಟೆಗೂ ಒಂದಕ್ಷರದ ವ್ಯತ್ಯಾಸವೆಂದು ಎಷ್ಟೋ ಸಲ ತಮಾಷೆ ಮಾಡಿದ್ದೇನೆ. ಇಂದು ನಗು ಬರಲಿಲ್ಲ.

ಕಂಬಳಿ ಇಳಿಸಿದ್ದೇನೆ. ಸ್ಪಂಜು ಪಾತ್ರೆ ತೊಳೆಯಲು ಹೋಯಿತು. ನೀಲಿ ಸ್ವಿಚ್ಚುಗಳು ಮರಳಿ ಕುಳಿತಿವೆ. ಈ ಪತ್ರವನ್ನು ತಳ ಮುಟ್ಟುವಂತೆ ಕುಟ್ಟಿಯೇ ಬರೆದಿದ್ದೇನೆ, ಕೇಳಿಸಿರಬೇಕು. ನಾರನ್ನು ಕೆಳಗಿಡಿ ಅತ್ತೆ. ತೊಂದರೆಯೊಂದೇ: ಈ ಗದ್ದಲದಲ್ಲಿ ನೀವು ನಿಲ್ಲಿಸಿದಿರೋ ಇಲ್ಲವೋ ನನಗೆ ಕೇಳಿಸುವುದಿಲ್ಲ. ನಿಲ್ಲಿಸಿದ್ದರೆ ಬಾಗಿಲು ಬಡಿದು, ಕ್ರಷರ್ ಎಂದು ಬಯ್ಯಿರಿ.

ನಿಮ್ಮ ಬೆರಳುಗಳು ನೂರು ಕಾಲ ತಣ್ಣಗಿರಲಿ. ಬೈಗುಳ ಬರುವವರೆಗೆ ಕುಟ್ಟುತ್ತಲೇ ಇರುವ,

ನಿಮ್ಮ ಅಳಿಯ
ರಿತೇಶ್