ಕೆಂಪು ಹಿಡಿಕೆಯ ಬೀಗ

ಮಾನ್ಯ ವಿಚಾರಣಾಧಿಕಾರಿಗಳೇ,

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ‘ದಂಗೆ’ ನಡೆಯಿತೆಂದು ತಾವು ವರದಿ ಬರೆದಿದ್ದೀರಿ. ಅದಕ್ಕೆ ‘ಪ್ರಚೋದನೆ’ ನೀಡಿದಳೆಂದು, ನಾವೆಲ್ಲ ದೊಡ್ಡಮ್ಮ ಎನ್ನುವ ಹಿರಿಯ ಕೆಲಸಗಾರ್ತಿಯನ್ನು ವಜಾ ಮಾಡಲು ಶಿಫಾರಸು ಮಾಡಿದ್ದೀರಿ. ದಂಗೆಯ ದಿನ ನಾನು ಅಲ್ಲಿದ್ದೆ, ತಾವು ಇರಲಿಲ್ಲ. ಹಾಗಾಗಿ ಆ ಪದದ ಬಗ್ಗೆ ನಾಲ್ಕು ಮಾತಾಡುವ ಹಕ್ಕು ನನಗೆ ತುಸು ಹೆಚ್ಚೇ ಇದೆ.

ನಮ್ಮ ಇಸ್ತ್ರಿ ಯಂತ್ರಕ್ಕೆ ಎರಡು ಬಿಸಿ ಉರುಳೆಗಳು. ಅವುಗಳ ನಡುವೆ ಒದ್ದೆ ಹೊದಿಕೆ ತೂರಿಸಬೇಕು. ಆಪತ್ತಾದರೆ ಎಳೆದು ಯಂತ್ರ ನಿಲ್ಲಿಸಲೆಂದು ಗೋಡೆಯಲ್ಲಿ ಕೆಂಪು ಹಿಡಿಕೆಯಿದೆ. ನಾವು ಮಾತೆತ್ತಿದರೆ ಅದನ್ನು ಎಳೆದು ಕೆಲಸ ಕೆಡಿಸುತ್ತೇವೆಂದು ಮೇಲ್ವಿಚಾರಕರು ಅದರ ಮೇಲೆ ಪೆಟ್ಟಿಗೆ ಮಾಡಿಸಿ ಬೀಗ ಜಡಿದಿದ್ದರು. ಕೀಲಿಕೈ ಅವರ ಜೇಬಿನಲ್ಲಿ, ಅವರು ಚಹಾದ ಕೋಣೆಯಲ್ಲಿ. ಇಂಥ ಅಚ್ಚುಕಟ್ಟಾದ ವ್ಯವಸ್ಥೆಯಲ್ಲಿ ನನ್ನ ಬಲಗೈ ಉರುಳೆಗೆ ಸಿಕ್ಕಿತು. ಕಿರುಚಿದೆ. ಬಿಸಿ ಬಟ್ಟೆ ಎತ್ತುವ ಕಬ್ಬಿಣದ ಇಕ್ಕಳದಿಂದ ದೊಡ್ಡಮ್ಮ ಬೀಗಕ್ಕೆ ಎರಡೇಟು ಹಾಕಿ ಹಿಡಿಕೆ ಎಳೆದಳು. ವರದಿಯ ಪ್ರಕಾರ ಇದು ‘ಸಾರ್ವಜನಿಕ ಆಸ್ತಿಗೆ ಹಾನಿ’. ನನ್ನ ಕೈ ಯಾರ ಆಸ್ತಿ ಎಂಬುದನ್ನು ತಾವು ನಮೂದಿಸಿಲ್ಲ.

ನನ್ನ ಕೈಗೆ ಬಟ್ಟೆ ಸುತ್ತುತ್ತಿದ್ದಾಗ ಮೇಲ್ವಿಚಾರಕರು ಓಡಿಬಂದರು. ಮೊದಲ ಮಾತು, “ಬೀಗ ಒಡೆದಿದ್ಯಾರು?” ಎರಡನೆಯದು, “ಏನ್ ನೋಡ್ತಾ ನಿಂತಿದ್ದೀರಾ, ಮೆಷಿನ್ ಶುರು ಮಾಡಿ.” ಯಾರೂ ಕದಲಲಿಲ್ಲ. ಮಡಚುವ ಮೇಜಿನಲ್ಲಿರುವ ನನ್ನ ಅತ್ತಿಗೆ, ಮನೆಯಲ್ಲಿ ಬೆಕ್ಕನ್ನೂ ಗದರದವಳು, “ಬೀಗ ಮತ್ತೆ ಹಾಕಲ್ಲ ಅಂತ ಬರ್ದುಕೊಡಿ ಸಾರ್, ಆಮೇಲೆ ಶುರು ಮಾಡ್ತೀವಿ” ಎಂದಳು. ಅವಳ ತುಟಿ ನಡುಗುತ್ತಿತ್ತು. ಉಳಿದವರೆಲ್ಲ ಅವಳ ಹಿಂದೆ ನಿಂತರು. ಮೇಲ್ವಿಚಾರಕರು ಬರೆದುಕೊಡಲಿಲ್ಲ, ಸಂಜೆಯವರೆಗೆ ಯಂತ್ರ ಓಡಲಿಲ್ಲ. ಶಸ್ತ್ರಚಿಕಿತ್ಸೆಯ ಕೋಣೆಗೆ ಬೇಕಾದಷ್ಟು ಬಟ್ಟೆಯನ್ನು ಮಾತ್ರ ಈ ದಂಗೆಕೋರರು ಕೈಯಲ್ಲೇ ಒಪ್ಪಮಾಡಿ ಕಳಿಸಿದರು.

‘ದಂಗೆಗೆ ಪ್ರಚೋದನೆ ನೀಡಿದ್ದು ತಪ್ಪಾಯಿತು’ ಎಂದು ಬರೆದುಕೊಟ್ಟರೆ ಕೆಲಸ ಉಳಿಯುತ್ತದೆಂದು ತಾವು ದೊಡ್ಡಮ್ಮನಿಗೆ ದಾರಿ ತೋರಿಸಿದಿರಂತೆ. ನಿವೃತ್ತಿಗೆ ಎರಡೇ ವರ್ಷ, ಸಹಿ ಹಾಕಿಬಿಡು ಎಂದು ನಾನೇ ಅಂಗಲಾಚಿದೆ. ಅವಳು ನನ್ನ ಬ್ಯಾಂಡೇಜು ನೋಡುತ್ತಾ, “ದಂಗೆ ಅಂತ ಬೇಕಾದ್ರೆ ಎರಡು ಸಲ ಬರ್ದುಕೊಡ್ತೀನಿ. ತಪ್ಪಾಯ್ತು ಅಂತ ಹೇಗೆ ಬರೀಲಿ ಕಣೇ?” ಎಂದಳು. ನನಗೆ ನಾಚಿಕೆಯಾಯಿತು.

ಅಲ್ಲಿಯವರೆಗೆ, ಆ ಪದವನ್ನು ವರದಿಯಿಂದ ಅಳಿಸಿ ಎಂದು ತಮ್ಮನ್ನು ಬೇಡಿಕೊಳ್ಳುವವಳಿದ್ದೆ. ಈಗ ಇರಲಿ ಬಿಡಿ. ದಂಗೆಯೆಂದರೆ ಕಲ್ಲು, ಬೆಂಕಿ ಎಂದುಕೊಂಡು ಹೆದರಿದ್ದೆ. ಕಿರುಚಿದವಳ ಕಡೆಗೆ ಓಡುವುದೂ, ನಡುಗುವ ತುಟಿಯಲ್ಲೇ ಆಗಲ್ಲ ಎನ್ನುವುದೂ ದಂಗೆಯಾದರೆ, ಅದು ನಮ್ಮ ಕೈಲಾಗುವ ಕೆಲಸವೇ. ಸೋಮವಾರ ದೊಡ್ಡಮ್ಮ ಕೆಲಸಕ್ಕೆ ಬರುತ್ತಾಳೆ, ಅವಳ ಹೆಸರು ಹಾಜರಿಯಲ್ಲಿ ಇರಬೇಕು. ಹಿಡಿಕೆಯ ಮೇಲೆ ಬೀಗ ಇರಬಾರದು. ಇದ್ದರೆ, ಇಕ್ಕಳ ಎಲ್ಲಿದೆಯೆಂದು ಈಗ ನಮ್ಮ ಇಪ್ಪತ್ತಮೂರು ಜನಕ್ಕೂ ಗೊತ್ತು.

ಎಡಗೈಯಲ್ಲಿ ಬರೆದಿದ್ದೇನೆ, ಅಕ್ಷರ ಸೊಟ್ಟಗಿವೆ. ತಪ್ಪಾಯಿತೆಂದು ನಾನು ಒಪ್ಪಿಕೊಳ್ಳುವುದು ಅದೊಂದನ್ನೇ.

ಇಂತಿ,
ದಂಗೆಯ ಕೃಪೆಯಿಂದ ಬಲಗೈಯ ಮೂರು ಬೆರಳು ಉಳಿಸಿಕೊಂಡವಳು