ಅವ್ವ ತೀರಿದ ದಿನದ ಒಂದು ಕರೆ

ಗುಲನಾಜ,

ಇವತ್ತು ಠಾಣೆಗೆ ಕರೆಸಿದ್ದರು. ನನ್ನ ಫೋನಿನ ಕರೆಗಳ ವಿವರವೆಲ್ಲ ಸಾಹೇಬರ ಮೇಜಿನ ಮೇಲಿತ್ತು. ಅಂಗನವಾಡಿಯ ಹಾಲಿನ ಪುಡಿ ಅಂಗಡಿ ಸೇರಿದ್ದನ್ನು ನಾನು ಪೇಪರಿನಲ್ಲಿ ಬರೆದೆನಲ್ಲ, ಆ ಸುದ್ದಿ ಕೊಟ್ಟವರು ಯಾರೆಂದು ಅವರಿಗೆ ಬೇಕು. ಗೊತ್ತಾದರೆ ನಿನ್ನ ಅಂಗನವಾಡಿ ನೌಕರಿ ಉಳಿಯುವುದಿಲ್ಲ. ಫೋನೇ ಬೇಡವೆಂದವಳು ನೀನು. ಆದರೂ ನಮ್ಮವ್ವ ತೀರಿದ ದಿನ ತಡೆಯಲಾರದೆ ನೀನೇ ನಿಮ್ಮಪ್ಪನ ಫೋನಿನಿಂದ ನನ್ನನ್ನು ಮಾತಾಡಿಸಿದ್ದೆ. ಸಾಹೇಬರ ಬೆರಳು ಆ ಕರೆಯ ಮೇಲೇ ನಿಂತಿತು.

“ತಾಂಬಾದ ದಾವಲಮಲಿಕ ಯಾರ್ರಿ ಮೇಡಂ?”

“ಗೊತ್ತಿಲ್ರಿ. ಅವತ್ತ ನಮ್ಮವ್ವ ಸತ್ತಿದ್ಲು. ಯಾರ್ಯಾರೋ ಫೋನ್ ಮಾಡಿದ್ರು.”

“ಗುರ್ತಿಲ್ಲದಾವ ಅಷ್ಟೊತ್ತು ಮಾತಾಡ್ತಾನೇನ್ರಿ?” ಎಂದು ನಕ್ಕರು. “ಇರ್ಲಿ ಬಿಡ್ರಿ. ಮುದುಕ ನಿನ್ನಿ ತೀರಿಕೊಂಡಾನ. ಇವತ್ತ ಮಣ್ಣು. ನೀವೂ ಹೊಂಟಿರಬೇಕಂತ ಮಾಡಿದ್ದೆ.”

ನಿಮ್ಮಪ್ಪ, ನನ್ನ ಕಾಕಾ, ಹೋದದ್ದು ನನಗೆ ತಿಳಿದದ್ದೇ ಆಗ; ಮುಖ ಬದಲಾಗದಂತೆ ನೋಡಿಕೊಂಡೆ.

“ನಾ ಯಾಕ್ ಹೋಗ್ಲಿರಿ?” ಎಂದೆ.

ನಿನ್ನನ್ನು ಉಳಿಸಲು ಹಾಗಂದೆನೋ, ಹೆದರಿ ಅಂದೆನೋ, ಇನ್ನೂ ತಿಳಿಯುತ್ತಿಲ್ಲ. ಹೊರಗೆ ನಿಮ್ಮೂರು ತಾಂಬಾದ ಮೇಲೆ ಹಾದು ಇಂಡಿಗೆ ಹೋಗುವ ಬಸ್ಸು ನಿಂತಿತ್ತು. ನನ್ನ ಹಿಂದೆ ಒಬ್ಬ ಪೇದೆ ನಿಂತಿದ್ದ. ನಾನು ಬಸ್ಸು ಹತ್ತಲಿಲ್ಲ.

ಇದನ್ನು ಅಂಚೆಗೆ ಹಾಕುವಂತಿಲ್ಲ. ಕಾಕಾನ ಮಣ್ಣು ಮುಗಿದಿರಬೇಕು. ಬಾಗಿಲಿಗೆ ಯಾರು ಬಂದರೂ ನಾನೇ ಎಂದು ನೀನು ತಲೆ ಎತ್ತಿ ನೋಡಿರುತ್ತೀ.