ಅರ್ಧಕ್ಕೆ ಬಿಟ್ಟವಳಲ್ಲ ನನ್ನ ಮಗಳು

ಮಾರ್ಚ್ ಹನ್ನೊಂದು, ಮಂಗಳವಾರ. ನಿನ್ನೆ ಸಂಜೆ ಶಾಲೆಯ ಸಭಾಂಗಣದಲ್ಲಿ ನೀವು ವರದಿ ಓದಿದಿರಿ. ಪೋಷಕರು ನಲವತ್ತು ಜನ ಇದ್ದೆವು. ನಾನು ಕೊನೆಯ ಸಾಲಿನಲ್ಲಿದ್ದೆ, ಪಕ್ಕದಲ್ಲಿ ಮಗಳು.

ಸಾಮಾಜಿಕ ಕೌಶಲ ತರಬೇತಿಯ ಮಾನ್ಯ ಅಧಿಕಾರಿಗಳೇ,

ನಿಮ್ಮ ವರದಿಯ ಪ್ರಕಾರ ನನ್ನ ಮಗಳು ತರಬೇತಿಯನ್ನು ಅರ್ಧಕ್ಕೆ ಬಿಟ್ಟವಳು. ಇದು ಸುಳ್ಳು. ಇಪ್ಪತ್ತನಾಲ್ಕು ತರಗತಿಗಳಿಗೂ ಅವಳು ಹೋಗಿದ್ದಾಳೆ, ಜ್ವರವಿದ್ದ ದಿನವೂ.

ಬೆರೆಯುವುದನ್ನು ಕಲಿತ ಮಕ್ಕಳು ಪಾಠದಲ್ಲೂ ಮುಂದೆ ಬರುತ್ತಾರೆ ಎಂದು ನೀವು ಕಳೆದ ವರ್ಷ ಹೇಳಿದಾಗ ಎರಡನೆಯ ಮಾತಾಡದೆ ಒಪ್ಪಿದವನು ನಾನು. ಗಡಿಯಾರ ರಿಪೇರಿ ನನ್ನ ಕೆಲಸ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಮಗಳೂ ನನ್ನ ಹಾಗೆಯೇ ಆಗುವುದು ಬೇಡವೆನ್ನಿಸಿತ್ತು. ತರಬೇತಿ ಗಣಿತದ ಪೀರಿಯಡ್‌ನಲ್ಲೇ ನಡೆಯುತ್ತದೆ, ತಪ್ಪಿದ ಪಾಠವನ್ನು ಶನಿವಾರ ಹೇಳಿಕೊಡುತ್ತೇವೆ ಎಂದು ಬರೆದುಕೊಟ್ಟಿರಿ. ಮೂರು ಶನಿವಾರ ನಾವಿಬ್ಬರೂ ಬೀಗ ಹಾಕಿದ ಗೇಟಿನ ಮುಂದೆ ನಿಂತು ವಾಪಸು ಬಂದೆವು. ನಾಲ್ಕನೆಯದಕ್ಕೆ ಹೋಗಲಿಲ್ಲ. ಎಂಬತ್ತೊಂದು ಇದ್ದ ಗಣಿತದ ಅಂಕ ನಲವತ್ತಾರಕ್ಕೆ ಇಳಿಯಿತು.

ಅಷ್ಟಕ್ಕೇ ನಾನು ಪತ್ರ ಬರೆಯುತ್ತಿರಲಿಲ್ಲ. ತರಬೇತಿಯಲ್ಲಿ ಅವಳಿಗೊಬ್ಬಳು ಗೆಳತಿ ಸಿಕ್ಕಳು, ಜೀವನದಲ್ಲೇ ಮೊದಲನೆಯವಳು. ಇಬ್ಬರೂ ಫೋನಿನಲ್ಲಿ ಟೀಚರ ನಡಿಗೆಯನ್ನು ವರ್ಣಿಸಿಕೊಂಡು ನಗುವುದು ಕೇಳಿದಾಗ, ಅಂಕ ಹೋದರೆ ಹೋಗಲಿ, ಮುಂದಿನ ವರ್ಷ ಬಂದೀತು ಎಂದುಕೊಂಡೆ. ನಿಮ್ಮ ವರದಿಯ ಸರಾಸರಿ ಅಂಕಕ್ಕೆ ಅಷ್ಟು ತಾಳ್ಮೆ ಇರಲಿಲ್ಲ. ಮೂವತ್ತೊಂದು ಮಕ್ಕಳಲ್ಲಿ ಅಂಕ ಇಳಿದ ಒಂಬತ್ತು ಮಂದಿಯನ್ನು ‘ಪೂರ್ಣಗೊಳಿಸದವರು’ ಎಂದು ಬದಿಗೆ ಸರಿಸಿದಿರಿ. ಉಳಿದವರ ಅಂಕ ಗಣನೀಯವಾಗಿ ಏರಿದೆಯಂತೆ. ಏರದೆ ಇನ್ನೇನು? ನಿಂತ ಗಡಿಯಾರಗಳನ್ನೆಲ್ಲ ಮೇಜಿನ ಕೆಳಗಿಟ್ಟರೆ ನನ್ನ ಅಂಗಡಿಯೂ ಸರಿಯಾದ ಸಮಯವನ್ನೇ ತೋರಿಸುತ್ತದೆ.

ನಿನ್ನೆ ಮಗಳು ಎದ್ದು ನಿಂತಳು. ಬೆನ್ನು ನೇರವಾಗಿರಬೇಕು, ಎದುರಿನವರ ಮುಖ ನೋಡಬೇಕು, ದನಿ ನಡುಗಬಾರದು. ಎಲ್ಲ ನೀವೇ ಕಲಿಸಿದ್ದು.

“ಸರ್, ನಾನು ಒಂದು ದಿನಾನೂ ತಪ್ಪಿಸಿಲ್ಲ. ಅರ್ಧಕ್ಕೆ ಬಿಟ್ಟೆ ಅಂತ ಯಾಕೆ ಬರ್ದಿದೀರಿ?”

“ಅದೆಲ್ಲ ದೊಡ್ಡವರ ವಿಷಯ ಪುಟ್ಟಿ, ಕೂತ್ಕೋ,” ಎಂದಿರಿ. ಮುಂದಿನ ಸಾಲಿನಲ್ಲಿ ಕೆಲವರು ನಕ್ಕರು. ಅವಳು ಕೂತಳು. ನಾನು ಏಳಲಿಲ್ಲ. ಅದು ನನ್ನ ತಪ್ಪು, ನಿಮ್ಮ ಲೆಕ್ಕಕ್ಕೆ ಹಾಕುವುದಿಲ್ಲ. ಆಮೇಲೆ ಹೊರಗೆ ಸಿಕ್ಕ ತರಬೇತಿಯ ಟೀಚರು, ತಾವು ಹಾಜರಿ ಸರಿಯಾಗಿಯೇ ಹಾಕಿದ್ದಾಗಿ, ಪುಸ್ತಕವನ್ನು ನಿಮ್ಮ ಕಚೇರಿಯವರು ಒಯ್ದಿದ್ದಾಗಿ ತಲೆ ಎತ್ತದೆ ಹೇಳಿದರು.

ದಾರಿಯಲ್ಲಿ ಮಗಳು ಕೇಳಿದ್ದು ಒಂದೇ. “ಅಪ್ಪಾ, ನಾನು ಕೇಳಿದ ರೀತಿ ಸರಿಯಿರ್ಲಿಲ್ವಾ?”

ಉತ್ತರ ಕೊಡಬೇಕಾದವರು ನೀವು. ಆ ಹಾಜರಿ ಪುಸ್ತಕ ತೆರೆಯಿರಿ. ಒಂಬತ್ತೂ ಮಕ್ಕಳನ್ನು, ಇಳಿದ ಅಂಕಗಳ ಸಮೇತ, ವರದಿಗೆ ಸೇರಿಸಿ. ಅದೇ ಸಭಾಂಗಣದಲ್ಲಿ, ಅವರ ಎದುರಿಗೇ ಓದಿ.

ಎರಡನೆಯ ವರ್ಷದ ಒಪ್ಪಿಗೆ ಪತ್ರವನ್ನು ಶುಕ್ರವಾರದೊಳಗೆ ಕೊಡಬೇಕಂತೆ. ಅಷ್ಟರಲ್ಲಿ ವರದಿ ತಿದ್ದದಿದ್ದರೆ ಸಹಿ ಹಾಕುವುದಿಲ್ಲವೆಂದು ನಿರ್ಧರಿಸಿದ್ದೇನೆ. ಗೆಳತಿಯ ಮನೆಯವರು ಆಗಲೇ ಸಹಿ ಹಾಕಿ ಕೊಟ್ಟಿದ್ದಾರೆ. ಮಗಳಿಗೆ ನಾನಿನ್ನೂ ಹೇಳಿಲ್ಲ.

ಇಂತಿ,
ನಂಬಿದ್ದಕ್ಕೆ ನಾಚುತ್ತಿರುವ ಒಬ್ಬ ತಂದೆ